ಚೈನ್ ಕಟ್ಟರ್ ಕೊಳ್ಳುವ ಮುನ್ನ ಚೈನನ್ನು ನೋಡಿ

ಸೈಕಲ್ಲಿನ ಹಳೆಯ ಚೈನನ್ನು ತೆಗೆದು ಹೊಸದನ್ನು ಹಾಕುವ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆಂದು ಹೊರಟವರು ಅಂಗಡಿಗೆ ಹೋಗಿ ಚೈನ್ ಕಟ್ಟರ್ ಕೇಳಿದರೆ, ಕೆಲವು ನೂರು ರೂಪಾಯಿಯ ಪುಟ್ಟ ಉಪಕರಣದಿಂದ ಹಿಡಿದು ಹಲವು ಸಾವಿರ ರೂಪಾಯಿಯ ಭಾರವಾದ ಉಪಕರಣದವರೆಗೆ ಎಲ್ಲವೂ ಅದೇ ಹೆಸರಿನಲ್ಲಿ ಎದುರಿಗೆ ಬರುತ್ತವೆ. ಹೊರನೋಟಕ್ಕೆ ಎಲ್ಲವೂ ಒಂದೇ ಬಗೆಯವು: ಲೋಹದ ಚಿಕ್ಕ ಒಡಲು, ಅದರೊಳಗೆ ಹಾಯುವ ಒಂದು ತಿರುಪು, ತಿರುಪಿನ ತುದಿಯಲ್ಲೊಂದು ಪಿನ್. ಬೆಲೆಯನ್ನಷ್ಟೇ ನೋಡಿ ಆರಿಸಿದರೆ ಬೇಡದ್ದಕ್ಕೆ ಹಣ ಕೊಟ್ಟಂತಾಗಬಹುದು, ಇಲ್ಲವೇ ಮೊದಲ ಚೈನಿಗೇ ಪಿನ್ ಮುರಿದು ಕೈಗೆ ಬರಬಹುದು. ಯಾವ ಉಪಕರಣ ಬೇಕೆಂಬುದನ್ನು ನಿರ್ಧರಿಸುವುದು ನಿಮ್ಮ ಸೈಕಲ್ಲಿನಲ್ಲಿರುವ ಚೈನ್, ಅದರಲ್ಲೂ ಆ ಚೈನಿನ ಎರಡು ತುದಿಗಳು ಕೂಡುವ ಬಗೆ. ಆದ್ದರಿಂದ ಮೊದಲು ಚೈನಿನ ರಚನೆಯನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಇಂದು ನಾವು ಬಳಸುವ ರೋಲರ್ ಚೈನಿನ ಮೂಲರೂಪಕ್ಕೆ ಹಾನ್ಸ್ ರೆನಾಲ್ಡ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ಪೇಟೆಂಟ್ ಪಡೆದರು. ಅದರಲ್ಲಿ ಒಳಕೊಂಡಿ ಮತ್ತು ಹೊರಕೊಂಡಿಗಳು ಒಂದಾದ ಮೇಲೊಂದು ಬರುತ್ತವೆ. ಒಳಕೊಂಡಿಯ ಎರಡು ಪ್ಲೇಟುಗಳ ನಡುವೆ ರೋಲರುಗಳು ಉರುಳುತ್ತವೆ. ಹೊರಕೊಂಡಿಯ ಪ್ಲೇಟುಗಳು ಅದನ್ನು ಎರಡೂ ಕಡೆಯಿಂದ ಅಪ್ಪಿಕೊಂಡಿರುತ್ತವೆ. ಎಲ್ಲವನ್ನೂ ಹಾದು ಅಡ್ಡಲಾಗಿ ಒಂದು ಉಕ್ಕಿನ ಪಿನ್ ಕೂತಿರುತ್ತದೆ. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ದೂರ. ಹಾಲು ಮಾರುವವರ ಹಳೆಯ ಸೈಕಲ್ಲಾಗಲಿ, ಹನ್ನೆರಡು ಗೇರಿನ ಹೊಸ ರೇಸಿಂಗ್ ಸೈಕಲ್ಲಾಗಲಿ, ಈ ಅಳತೆಯಲ್ಲಿ ವ್ಯತ್ಯಾಸವಿಲ್ಲ. ಪಿನ್ ಒಳಕೊಂಡಿಯಲ್ಲಿ ಸಲೀಸಾಗಿ ತಿರುಗುತ್ತದೆ, ಹೊರಕೊಂಡಿಯ ಪ್ಲೇಟುಗಳಲ್ಲಿ ಮಾತ್ರ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಚೈನ್ ಕಟ್ಟರ್ ಮಾಡುವ ಕೆಲಸ ಇಷ್ಟೇ: ಬಿಗಿಯಾಗಿ ಕೂತ ಆ ಪಿನ್ನನ್ನು ಒಂದು ಬದಿಯಿಂದ ನೆಟ್ಟಗೆ ತಳ್ಳಿ ಇನ್ನೊಂದು ಬದಿಗೆ ಹೊರಡಿಸುವುದು. ಹೆಸರಿನಲ್ಲಿ ಕತ್ತರಿಸುವ ಮಾತಿದ್ದರೂ ಅದು ಏನನ್ನೂ ಕತ್ತರಿಸುವುದಿಲ್ಲ.

ಚೈನುಗಳ ನಡುವಿನ ವ್ಯತ್ಯಾಸವೆಲ್ಲ ಅಗಲದಲ್ಲಿದೆ. ಸಾದಾ ಸೈಕಲ್ಲಿನ ಚೈನಿನ ಒಳಗಿನ ಅಗಲ ಇಂಚಿನ ಎಂಟನೇ ಒಂದು ಭಾಗ, ಸುಮಾರು 3.2 ಮಿಲಿಮೀಟರ್. ಗೇರ್ ಸೈಕಲ್ಲುಗಳಲ್ಲಿ ಇದು ಕಿರಿದಾಗುತ್ತದೆ. ಹಿಂಚಕ್ರದ ಅಷ್ಟೇ ಜಾಗದಲ್ಲಿ ಹೆಚ್ಚು ಹೆಚ್ಚು ಹಲ್ಲುಚಕ್ರಗಳನ್ನು ಕೂರಿಸುತ್ತ ಹೋದಂತೆ ಅವುಗಳ ನಡುವಿನ ಸಂದು ಸಣ್ಣದಾಯಿತು. ಅದಕ್ಕೆ ತಕ್ಕಂತೆ ಚೈನಿನ ಹೊರಗಿನ ಅಗಲವೂ ಕುಗ್ಗಿತು. ಹಿಂಚಕ್ರದಲ್ಲಿ ಆರರಿಂದ ಎಂಟು ಹಲ್ಲುಚಕ್ರಗಳಿರುವ ಸೈಕಲ್ಲಿನ ಚೈನ್ ಸುಮಾರು 7 ಮಿಲಿಮೀಟರ್ ಅಗಲವಿದ್ದರೆ, ಒಂಬತ್ತರದ್ದು ಆರೂವರೆಯ ಆಸುಪಾಸು, ಹತ್ತರದ್ದು ಆರರ ಆಸುಪಾಸು, ಹನ್ನೊಂದರದ್ದು ಐದೂವರೆ, ಹನ್ನೆರಡರದ್ದು ಅದಕ್ಕೂ ತುಸು ಕಡಿಮೆ. ಇಲ್ಲಿ ಅನೇಕರು ಎಡವುವುದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು. ಚೈನ್ ಆರಿಸುವಾಗ ಎಣಿಸಬೇಕಾದದ್ದು ಹಿಂದಿನ ಹಲ್ಲುಚಕ್ರಗಳನ್ನು ಮಾತ್ರ. ನಮ್ಮ ಊರುಗಳಲ್ಲಿ ಬಹಳವಾಗಿ ಮಾರಾಟವಾಗುವ ‘21 ಗೇರ್’ ಸೈಕಲ್ಲೆಂದರೆ ಮುಂದೆ ಮೂರು, ಹಿಂದೆ ಏಳು. ಅದಕ್ಕೆ ಬೇಕಾದದ್ದು ಏಳರ ಚೈನ್. ಆರು, ಏಳು, ಎಂಟಕ್ಕೆ ಹೊಂದುವುದೆಂದು ಪೊಟ್ಟಣದ ಮೇಲೆ ಬರೆದಿರುವ ಚೈನೇ ಅದು.

ಮೊದಲು ಸಾದಾ ಸೈಕಲ್ಲನ್ನು ತೆಗೆದುಕೊಳ್ಳೋಣ. ಊರಿನ ರಸ್ತೆಗಳಲ್ಲಿ ಇಂದಿಗೂ ಕಾಣುವ ಕಪ್ಪು ಬಣ್ಣದ ಗಂಡಸರ ಸೈಕಲ್, ಹೆಣ್ಣುಮಕ್ಕಳ ಬುಟ್ಟಿ ಸೈಕಲ್, 2006-07ರಲ್ಲಿ ಆರಂಭವಾದ ಯೋಜನೆಯಡಿ ರಾಜ್ಯದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್, ಇವೆಲ್ಲ ಈ ಗುಂಪಿನವು. ಇವುಗಳ ಚೈನಿನಲ್ಲಿ ಒಂದೆಡೆ ‘ಚೈನ್ ಲಾಕ್’ ಇರುತ್ತದೆ: ಎರಡು ಪಿನ್ನುಗಳುಳ್ಳ ಒಂದು ಪ್ಲೇಟು, ಅದರ ಎದುರಿಗೆ ಕೈಯಿಂದಲೇ ತೆಗೆದು ಹಾಕಬಹುದಾದ ಇನ್ನೊಂದು ಪ್ಲೇಟು, ಅದು ಕಳಚದಂತೆ ಪಿನ್ನುಗಳ ತುದಿಯ ಗೀರುಗಳಲ್ಲಿ ಕೂರುವ ಸ್ಪ್ರಿಂಗ್ ಕ್ಲಿಪ್. ಇದನ್ನು ಬಿಚ್ಚಲು ವಿಶೇಷ ಉಪಕರಣವೇನೂ ಬೇಡ. ಚೂಪುಮೂತಿಯ ಇಕ್ಕಳದ ಒಂದು ತುದಿಯನ್ನು ಕ್ಲಿಪ್ಪಿನ ತೆರೆದ ಬಾಯಿಗೂ ಇನ್ನೊಂದನ್ನು ಪಕ್ಕದ ಪಿನ್ನಿಗೂ ಕೊಟ್ಟು ಹಿಸುಕಿದರೆ ಕ್ಲಿಪ್ ಜಾರಿ ಬರುತ್ತದೆ. ಚಪ್ಪಟೆ ಸ್ಕ್ರೂಡ್ರೈವರಿನಿಂದಲೂ ಆದೀತು, ಆದರೆ ಕ್ಲಿಪ್ ಚಿಮ್ಮಿ ಮಣ್ಣಿನಲ್ಲಿ ಕಳೆದುಹೋಗದಂತೆ ಮೇಲೊಂದು ಬೆರಳು ಒತ್ತಿ ಹಿಡಿಯಬೇಕು. ಮರಳಿ ಹಾಕುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಚೈನ್ ಚಲಿಸುವ ದಿಕ್ಕಿಗೆ ಮುಖಮಾಡಿರಬೇಕು. ತೆರೆದ ಬಾಯಿ ಮುಂದಾಗಿದ್ದರೆ ಚೈನ್ ಕವರಿಗೋ ಕಸಕಡ್ಡಿಗೋ ತಗುಲಿ ಕ್ಲಿಪ್ ಕಳಚುವ ಅಪಾಯವಿದೆ.

ಹಾಗಾದರೆ ಸಾದಾ ಸೈಕಲ್ಲಿಗೆ ಕಟ್ಟರ್ ಬೇಕಾಗುವುದೇ ಇಲ್ಲವೇ? ಹಳೆಯ ಚೈನಿನಷ್ಟೇ ಕೊಂಡಿಗಳಿರುವ ಹೊಸ ಚೈನ್ ಸಿಕ್ಕರೆ ಬೇಡ. ಉದ್ದ ಹೆಚ್ಚಾಗಿದ್ದು ಒಂದೆರಡು ಕೊಂಡಿಗಳನ್ನು ತೆಗೆಯಬೇಕಾದರೆ ಬೇಕು. ನಮ್ಮ ಸೈಕಲ್ ಶಾಪಿನವರು ಈ ಕೆಲಸವನ್ನು ತಲೆಮಾರುಗಳಿಂದ ಸುತ್ತಿಗೆ ಮತ್ತು ಪಂಚಿನಿಂದ ಮಾಡುತ್ತ ಬಂದಿದ್ದಾರೆ: ಚೈನಿನ ಅಡಿಗೆ ಒಂದು ದಪ್ಪ ನಟ್ಟನ್ನಿಟ್ಟು, ಪಿನ್ನಿನ ನೆತ್ತಿಗೆ ಪಂಚ್ ಇಟ್ಟು ಎರಡೇಟು ಕೊಟ್ಟರೆ ಪಿನ್ ನಟ್ಟಿನ ತೂತಿನೊಳಗೆ ಇಳಿಯುತ್ತದೆ. ಸಾದಾ ಚೈನಿಗೆ ಇದು ಸರಿಯಾದ ವಿಧಾನವೇ. ಪ್ಲೇಟುಗಳು ದಪ್ಪ, ಪಿನ್ ಉದ್ದ, ಗೇರ್ ಬದಲಿಸುವಾಗ ಚೈನ್ ಅಡ್ಡಕ್ಕೆ ಬಾಗುವ ಪ್ರಶ್ನೆಯೇ ಇಲ್ಲ. ಅನುಭವಿಯ ಕೈಯಲ್ಲಿ ಅದು ಕಟ್ಟರಿಗಿಂತ ಬೇಗ ಮುಗಿಯುತ್ತದೆ. ಅದನ್ನು ಒರಟು ಕೆಲಸವೆಂದು ಹಳಿಯುವವರೊಂದಿಗೆ ನನಗೆ ಸಹಮತವಿಲ್ಲ.

ಅದೇ ಸುತ್ತಿಗೆಯನ್ನು ಗೇರ್ ಸೈಕಲ್ಲಿನ ಚೈನಿನ ಮೇಲೆ ಎತ್ತುವುದನ್ನು ಮಾತ್ರ ತಡೆಯಲೇಬೇಕು. ಕಾರಣ ಚೈನಿನ ರಚನೆಯಲ್ಲೇ ಇದೆ. ಅಗಲ ಕುಗ್ಗಿದಂತೆ ಪ್ಲೇಟುಗಳು ತೆಳುವಾದವು, ಪ್ಲೇಟಿನಿಂದ ಹೊರಗೆ ಚಾಚಿಕೊಂಡಿರುತ್ತಿದ್ದ ಪಿನ್ನಿನ ತುದಿ ಹೆಚ್ಚುಕಡಿಮೆ ಇಲ್ಲವಾಯಿತು. ತೆಳುವಾದ ಪ್ಲೇಟಿನಿಂದ ಕಡಿಮೆಯಾದ ಹಿಡಿತವನ್ನು ತುಂಬಿಕೊಡಲು ತಯಾರಕರು ಪಿನ್ನಿನ ಎರಡೂ ತುದಿಗಳನ್ನು ಒತ್ತಿ ತುಸು ಅಗಲಿಸುತ್ತಾರೆ. ಆ ಅಗಲಿಸಿದ ತುದಿಯನ್ನು ಪ್ಲೇಟಿನ ತೂತಿನ ಮೂಲಕ ತಳ್ಳಿದಾಗ ತೂತಿನ ಅಂಚೂ ಪಿನ್ನಿನ ತುದಿಯೂ ಸವೆಯುತ್ತವೆ. ಅದೇ ಪಿನ್ನನ್ನು ಮರಳಿ ತಳ್ಳಿ ಕೂರಿಸಿದರೆ ನೋಡಲು ಸರಿಯಾಗಿಯೇ ಕಾಣುತ್ತದೆ, ಹಿಡಿತ ಮಾತ್ರ ಮೊದಲಿನಷ್ಟಿರುವುದಿಲ್ಲ. ಗೇರ್ ಬದಲಾಗುವಾಗ ಅಡ್ಡಕ್ಕೆ ಸೆಳೆತ ಬಿದ್ದಾಗಲೋ, ಏರಿನಲ್ಲಿ ನಿಂತು ಪೆಡಲ್ ಒತ್ತಿದಾಗಲೋ ಪ್ಲೇಟು ಕಳಚಿಕೊಳ್ಳುತ್ತದೆ. ಚೈನ್ ಕಡಿದ ಗಳಿಗೆಯಲ್ಲಿ ಸವಾರನ ಇಡೀ ಭಾರ ಪೆಡಲಿನ ಮೇಲಿರುವುದರಿಂದ ಅವನು ಹ್ಯಾಂಡಲಿನ ಮೇಲೋ ರಸ್ತೆಗೋ ಬೀಳುತ್ತಾನೆ. ಆದ್ದರಿಂದ ಗೇರ್ ಸೈಕಲ್ಲಿನಲ್ಲಿ ಹೊರತೆಗೆದ ಪಿನ್ನನ್ನು ಮತ್ತೆ ಬಳಸಬಾರದು. ಕಟ್ಟರಿನಿಂದ ಬಿಚ್ಚಬೇಕು, ಜೋಡಿಸಲು ಬೇರೆ ದಾರಿ ಹಿಡಿಯಬೇಕು.

ಆ ದಾರಿಗಳು ಎರಡು. ಮೊದಲನೆಯದು ಶಿಮಾನೋ ಕಂಪನಿಯ ಚೈನುಗಳೊಂದಿಗೆ ಬಹುಕಾಲದಿಂದ ಬರುತ್ತಿದ್ದ ಜೋಡಣೆಯ ಪಿನ್. ಅದರ ಮುಂಭಾಗ ಚೂಪಾಗಿದ್ದು ದಾರಿ ತೋರಿಸುತ್ತದೆ. ಹಿಂಭಾಗ ತೂತಿನಲ್ಲಿ ಬಿಗಿಯಾಗಿ ಕೂತ ಮೇಲೆ ಚಾಚಿಕೊಂಡ ಚೂಪುಭಾಗವನ್ನು ಇಕ್ಕಳದಿಂದ ಮುರಿದು ಎಸೆಯುತ್ತಾರೆ. ಚೈನಿನ ಅಗಲಕ್ಕೆ ತಕ್ಕಂತೆ ಈ ಪಿನ್ನಿನ ಉದ್ದವೂ ಬದಲಾಗುವುದರಿಂದ ಒಂಬತ್ತರ ಪಿನ್ನನ್ನು ಹತ್ತರ ಚೈನಿಗೆ ಹಾಕುವಂತಿಲ್ಲ. ಈ ವಿಧಾನವನ್ನು ನೆಚ್ಚಿಕೊಂಡವರಿಗೆ ಬಿಚ್ಚಲೂ ಕಟ್ಟರ್ ಬೇಕು, ಜೋಡಿಸಲೂ ಬೇಕು. ಜೋಡಿಸುವುದು ಬಿಚ್ಚುವುದಕ್ಕಿಂತ ನಾಜೂಕಿನ ಕೆಲಸವಾದ್ದರಿಂದ ಕಟ್ಟರ್ ಒಳ್ಳೆಯದಾಗಿರಲೇಬೇಕು. ಎರಡನೆಯ ದಾರಿ ಕ್ವಿಕ್ ಲಿಂಕ್. ಒಂದೊಂದು ಪಿನ್ನುಳ್ಳ ಎರಡು ಪ್ಲೇಟುಗಳು ಎದುರುಬದುರಾಗಿ ಸೇರಿ, ಚೈನನ್ನು ಎಳೆದಾಗ ಉದ್ದನೆಯ ತೂತಿನಲ್ಲಿ ಜಾರಿ ಬಿಗಿದುಕೊಳ್ಳುತ್ತವೆ. ಕೆಎಂಸಿ, ಸ್ರ್ಯಾಮ್ ಕಂಪನಿಗಳ ಚೈನುಗಳಲ್ಲಿ ಇದು ಮೊದಲಿನಿಂದಲೂ ಸಾಮಾನ್ಯ; ಶಿಮಾನೋ ಕೂಡ ಹನ್ನೊಂದು ಮತ್ತು ಹನ್ನೆರಡರ ಚೈನುಗಳಿಗೆ ಇದನ್ನೇ ಕೊಡತೊಡಗಿದೆ. ಕ್ವಿಕ್ ಲಿಂಕ್ ಇರುವವರಿಗೆ ಕಟ್ಟರ್ ಬೇಕಾಗುವುದು ಹೊಸ ಚೈನನ್ನು ಉದ್ದಕ್ಕೆ ತಕ್ಕಂತೆ ಕಡಿಮೆ ಮಾಡುವಾಗ, ಮತ್ತು ದಾರಿಯಲ್ಲಿ ಚೈನ್ ಕಡಿದರೆ ಮುರಿದ ಕೊಂಡಿಯನ್ನು ತೆಗೆದುಹಾಕಲು.

ಯಾವ ದಾರಿ ಹಿಡಿಯುವುದೆಂದು ಚೈನ್ ಕತ್ತರಿಸುವ ಮೊದಲೇ ನಿರ್ಧರಿಸಿರಬೇಕು. ಚೈನ್ ಲಾಕಿಗಾಗಲಿ ಕ್ವಿಕ್ ಲಿಂಕಿಗಾಗಲಿ ಎರಡೂ ತುದಿಗಳಲ್ಲಿ ಒಳಕೊಂಡಿಯೇ ಉಳಿಯಬೇಕು, ಏಕೆಂದರೆ ಲಾಕೇ ಹೊರಕೊಂಡಿಯ ಸ್ಥಾನವನ್ನು ತುಂಬುತ್ತದೆ. ಜೋಡಣೆಯ ಪಿನ್ನಿಗಾದರೆ ಒಂದು ತುದಿಯಲ್ಲಿ ಒಳಕೊಂಡಿ, ಇನ್ನೊಂದರಲ್ಲಿ ಹೊರಕೊಂಡಿ. ಇದನ್ನು ಮರೆತು ತಪ್ಪು ಪಿನ್ನನ್ನು ಹೊರಡಿಸಿದರೆ ಯಾವ ಉಪಕರಣವೂ ಅದನ್ನು ಸರಿಪಡಿಸಲಾರದು.

ಈಗ ಕಟ್ಟರಿಗೆ ಬರೋಣ. ಅದರ ಗುಣವನ್ನು ನಿರ್ಧರಿಸುವ ಮೊದಲ ಅಂಶ ತಳ್ಳುವ ಪಿನ್. ಗೇರ್ ಚೈನಿನ ಪಿನ್ ಸುಮಾರು ಮೂರೂವರೆ ಮಿಲಿಮೀಟರ್ ದಪ್ಪವಿರುತ್ತದೆ. ಅದನ್ನು ಪ್ಲೇಟಿನ ತೂತಿನ ಮೂಲಕ ತಳ್ಳಬೇಕಾದ ಪಿನ್ ಅದಕ್ಕಿಂತ ತುಸು ಸಣ್ಣದಿರಬೇಕು, ಆದರೆ ಆ ಒತ್ತಡಕ್ಕೆ ಬಾಗಬಾರದು, ಮುರಿಯಬಾರದು, ತುದಿ ಚಪ್ಪಟೆಯಾಗಬಾರದು. ಇದಕ್ಕೆ ಗಟ್ಟಿಗೊಳಿಸಿದ ಒಳ್ಳೆಯ ಉಕ್ಕು ಬೇಕು. ಅಗ್ಗದ ಕಟ್ಟರುಗಳು ಕೈಕೊಡುವುದು ಬಹುಪಾಲು ಇಲ್ಲಿಯೇ. ಎಷ್ಟು ಒಳ್ಳೆಯ ಪಿನ್ನಾದರೂ ಒಂದಲ್ಲ ಒಂದು ದಿನ ಸವೆಯುವುದರಿಂದ, ಅದನ್ನು ಬಿಚ್ಚಿ ಬದಲಿಸಲು ಬರುತ್ತದೆಯೇ, ಬಿಡಿ ಪಿನ್ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಬೇಕು. ಪಾರ್ಕ್ ಟೂಲ್, ಶಿಮಾನೋ ಮುಂತಾದವರ ದೊಡ್ಡ ಕಟ್ಟರುಗಳಿಗೆ ಬಿಡಿ ಪಿನ್ ಪ್ರತ್ಯೇಕವಾಗಿ ಮಾರಾಟಕ್ಕಿದೆ. ಪಿನ್ ಬದಲಿಸಲಾಗದ ಕಟ್ಟರನ್ನು, ಅದರ ಬೆಲೆ ಎಷ್ಟೇ ಕಡಿಮೆಯಿದ್ದರೂ, ಮನೆಯ ಮುಖ್ಯ ಉಪಕರಣವಾಗಿ ನಾನು ಯಾರಿಗೂ ಸೂಚಿಸುವುದಿಲ್ಲ.

ಎರಡನೆಯದು ಚೈನ್ ಕೂರುವ ಪೀಠ. ಕಟ್ಟರಿನ ಒಡಲಿನಲ್ಲಿ ರೋಲರುಗಳ ನಡುವೆ ಸೇರುವ ಹಲ್ಲುಗಳಿದ್ದು, ಚೈನ್ ಅವುಗಳ ಮೇಲೆ ಅಲುಗದೆ ಕೂರಬೇಕು. ಹಾಗೆ ಕೂತಾಗ ತಳ್ಳುವ ಪಿನ್ ಚೈನಿನ ಪಿನ್ನಿನ ನಟ್ಟನಡುವಿಗೆ ಮುಟ್ಟಬೇಕು. ಚೈನಿನ ಹಿಂಬದಿಯ ಪ್ಲೇಟಿಗೆ ಒಡಲಿನ ಗೋಡೆ ಒತ್ತಾಸೆಯಾಗಿ ನಿಲ್ಲಬೇಕು, ಇಲ್ಲದಿದ್ದರೆ ಒತ್ತಡವೆಲ್ಲ ಪೀಠದ ಹಲ್ಲುಗಳ ಮೇಲೆ ಬಿದ್ದು ಅವು ಬಾಗುತ್ತವೆ, ಚೈನಿನ ಪ್ಲೇಟೂ ತಿರುಚಿಕೊಳ್ಳುತ್ತದೆ. ಎಂಟರ ಚೈನಿಗಾಗಿ ಮಾಡಿದ ಹಳೆಯ ಕಟ್ಟರಿನಲ್ಲಿ ಹನ್ನೊಂದರ ಕಿರಿದಾದ ಚೈನನ್ನು ಇಟ್ಟರೆ ಆಗುವುದು ಇದೇ: ಹಿಂದೆ ಸಂದು ಉಳಿಯುತ್ತದೆ, ಒತ್ತಾಸೆ ಸಿಗುವುದಿಲ್ಲ, ಪಿನ್ ಓರೆಯಾಗಿ ಹೊರಡುತ್ತದೆ. ಕೆಲವು ಕಟ್ಟರುಗಳಲ್ಲಿ ಪೀಠದ ಮೇಲೊಂದು ಚಿಕ್ಕ ತಿರುಪಿದ್ದು, ಚೈನಿನ ಅಗಲಕ್ಕೆ ತಕ್ಕಂತೆ ಅದನ್ನು ಬಿಗಿದು ಚೈನನ್ನು ಕದಲದಂತೆ ಹಿಡಿಯಬಹುದು. ಎಷ್ಟು ಹಲ್ಲುಚಕ್ರಗಳ ಚೈನಿನಿಂದ ಎಷ್ಟರವರೆಗೆ ಹೊಂದುತ್ತದೆಂದು ತಯಾರಕರು ಬರೆದಿರುವುದನ್ನು ಓದದೆ ಕೊಳ್ಳಬಾರದು. ಮನೆಯಲ್ಲಿ ಸಾದಾ ಸೈಕಲ್ಲೂ ಇದ್ದರೆ, ಇಂಚಿನ ಎಂಟನೇ ಒಂದು ಭಾಗದ ಅಗಲದ ಚೈನಿಗೆ ಹೊಂದುತ್ತದೆಯೇ ಎಂಬುದನ್ನೂ ಬೇರೆಯಾಗಿ ನೋಡಬೇಕು. ಗೇರ್ ಚೈನುಗಳಿಗೆಂದೇ ಮಾಡಿದ ಕೆಲವು ಕಟ್ಟರುಗಳಲ್ಲಿ ಅಗಲವಾದ ಸಾದಾ ಚೈನ್ ಕೂರುವುದೇ ಇಲ್ಲ.

ಕೆಲವು ಕಟ್ಟರುಗಳಲ್ಲಿ ಎರಡು ಪೀಠಗಳಿರುತ್ತವೆ. ಹಿಡಿಯಿಂದ ದೂರದಲ್ಲಿರುವುದು, ಗೋಡೆಗೆ ಅಂಟಿಕೊಂಡಿರುವುದು ಪಿನ್ ತಳ್ಳಲು. ಹಿಡಿಯ ಹತ್ತಿರವಿರುವುದು ಬಿಗಿದುಕೊಂಡ ಕೊಂಡಿಯನ್ನು ಸಡಿಲಿಸಲು. ಅಲ್ಲಿ ಚೈನನ್ನಿಟ್ಟು ಪಿನ್ನನ್ನು ಕೂದಲೆಳೆಯಷ್ಟು ಸರಿಸಿದರೆ ಹೊರಪ್ಲೇಟು ಒಳಪ್ಲೇಟಿನಿಂದ ಸ್ವಲ್ಪ ಅಗಲುತ್ತದೆ, ಕೊಂಡಿ ಮತ್ತೆ ಸಲೀಸಾಗಿ ಮಡಚುತ್ತದೆ. ಗೊತ್ತಿಲ್ಲದವರು ಈ ಎರಡನೆಯ ಪೀಠದಲ್ಲಿಟ್ಟು ಪಿನ್ ಹೊರಡಿಸಲು ಬಲ ಹಾಕಿ ಅದರ ಹಲ್ಲುಗಳನ್ನು ಮುರಿಯುವುದುಂಟು. ಜೋಡಣೆಯ ಪಿನ್ ಬಳಸುವವರಿಗೆ ಈ ಪೀಠ ಬಹಳ ಉಪಯುಕ್ತ, ಏಕೆಂದರೆ ಹೊಸದಾಗಿ ಪಿನ್ ಕೂರಿಸಿದ ಕೊಂಡಿ ಹೆಚ್ಚಾಗಿ ಬಿಗಿಯಾಗಿಯೇ ಇರುತ್ತದೆ. ಕ್ವಿಕ್ ಲಿಂಕ್ ಮಾತ್ರ ಬಳಸುವವರು ಇದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಕ್ಯಾಂಪನ್ಯೋಲೊ ಕಂಪನಿ 2008ರಲ್ಲಿ ತಂದ ಹನ್ನೊಂದರ ಚೈನಿಗೆ ಇನ್ನೊಂದು ಅಗತ್ಯವಿದೆ. ಅದರ ಜೋಡಣೆಯ ಪಿನ್ನನ್ನು ಕೂರಿಸಿದ ಮೇಲೆ ತುದಿಯನ್ನು ಒತ್ತಿ ಅಗಲಿಸಬೇಕು; ಅದಕ್ಕೆ ಆ ಸೌಲಭ್ಯವಿರುವ ದುಬಾರಿ ಕಟ್ಟರೇ ಆಗಬೇಕು. ಆ ಚೈನ್ ಇಲ್ಲದವರು ಈ ಸೌಲಭ್ಯದ ಬಗ್ಗೆ ಯೋಚಿಸದೆ ಮುಂದೆ ಹೋಗಬಹುದು.

ಮೂರನೆಯದು ಹಿಡಿ. ಹನ್ನೊಂದು, ಹನ್ನೆರಡರ ಚೈನಿನ ಪಿನ್ ಮೊದಲು ಕದಲುವಾಗ ಸಾಕಷ್ಟು ಬಲ ಬೇಡುತ್ತದೆ. ಉದ್ದನೆಯ ಹಿಡಿಯಿದ್ದರೆ ಆ ಬಲವನ್ನು ನಿಧಾನವಾಗಿ, ಓರೆಯಾಗದಂತೆ ಕೊಡಬಹುದು. ಜೇಬಿನಲ್ಲಿಡುವ ಮಲ್ಟಿಟೂಲಿನಲ್ಲಿ ಅಡಕವಾದ ಕಟ್ಟರಿನಲ್ಲಿ ಉಪಕರಣದ ದೇಹವನ್ನೇ ಹಿಡಿಯಾಗಿ ಬಳಸಬೇಕು ಅಥವಾ ಚಿಕ್ಕ ಅಲೆನ್ ಕೀಲಿಯಿಂದ ತಿರುಗಿಸಬೇಕು. ಕೈ ಜಾರಿದರೆ ಪಿನ್ ಓರೆಯಾಗುತ್ತದೆ. ಅದರಿಂದ ಕೆಲಸ ಆಗುವುದಿಲ್ಲವೆಂದಲ್ಲ. ಕುದುರೆಮುಖದ ಘಟ್ಟದಲ್ಲೋ ನಂದಿಬೆಟ್ಟದ ಏರಿನಲ್ಲೋ ಚೈನ್ ಕಡಿದವರನ್ನು ಮನೆ ಮುಟ್ಟಿಸುವುದು ಆ ಪುಟ್ಟ ಕಟ್ಟರೇ, ಜೊತೆಗೊಂದು ಸರಿಯಾದ ಅಳತೆಯ ಕ್ವಿಕ್ ಲಿಂಕ್ ಇದ್ದರೆ. ಚೈನ್ ಬದಲಿಸುವ ನಿಯಮಿತ ಕೆಲಸಕ್ಕೆ ಮನೆಯಲ್ಲಿ ಉದ್ದ ಹಿಡಿಯ ಕಟ್ಟರ್, ದೂರ ಹೋಗುವಾಗ ಚೀಲದಲ್ಲಿ ಚಿಕ್ಕದು, ಹೀಗೆ ಎರಡನ್ನು ಬೇರೆಬೇರೆಯಾಗಿ ಯೋಚಿಸುವುದೇ ಸರಿ. ಒಂದನ್ನೇ ಕೊಳ್ಳಲು ಸಾಧ್ಯವಿದ್ದು, ನೀವು ಊರೊಳಗೇ ಸೈಕಲ್ ಓಡಿಸುವವರಾಗಿದ್ದರೆ ದೊಡ್ಡದನ್ನು ಕೊಳ್ಳಿ. ಸೈಕಲ್ ಶಾಪ್ ಇಲ್ಲದ ದಾರಿಗಳಲ್ಲಿ ದಿನವಿಡೀ ಹೋಗುವವರಾಗಿದ್ದರೆ ಬದಲಿಸಬಲ್ಲ ಪಿನ್ನುಳ್ಳ, ಬೇರೆಯಾದ ಹಿಡಿಯಿರುವ ಚಿಕ್ಕ ಕಟ್ಟರನ್ನು ಕೊಳ್ಳಿ.

ಕ್ವಿಕ್ ಲಿಂಕ್ ಬಿಚ್ಚಲು ಬೇರೆಯದೇ ಇಕ್ಕಳವಿದೆ. ಅದರ ಕೊಕ್ಕೆಯಂಥ ಮೂತಿಗಳು ಲಿಂಕಿನ ಎರಡು ಬದಿಯ ರೋಲರುಗಳನ್ನು ಹಿಡಿದು ಪರಸ್ಪರ ಹತ್ತಿರಕ್ಕೆ ತರುತ್ತವೆ, ಲಿಂಕ್ ಕಳಚುತ್ತದೆ. ಏಳು, ಎಂಟರ ಲಿಂಕುಗಳನ್ನು ಅಭ್ಯಾಸವಿದ್ದವರು ಕೈಯಿಂದಲೇ ಬಿಚ್ಚುತ್ತಾರೆ. ಹತ್ತು ಮತ್ತು ಅದರ ಮೇಲಿನವು ಇಕ್ಕಳವಿಲ್ಲದೆ ಸುಲಭಕ್ಕೆ ಬಿಡುವುದಿಲ್ಲ. ಮುಚ್ಚಲು ಇಕ್ಕಳ ಅನಿವಾರ್ಯವಲ್ಲ: ಲಿಂಕ್ ಚೈನಿನ ಮೇಲ್ಭಾಗಕ್ಕೆ ಬರುವಂತೆ ತಿರುಗಿಸಿ, ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಬಲವಾಗಿ ಒತ್ತಿದರೆ ಅದು ಸದ್ದು ಮಾಡಿ ಕೂರುತ್ತದೆ. ಬಿಚ್ಚಿದ ಲಿಂಕನ್ನು ಮತ್ತೆ ಬಳಸಬಹುದೇ ಎಂಬುದು ತಯಾರಕರನ್ನು ಅವಲಂಬಿಸಿದೆ. ಸ್ರ್ಯಾಮ್‌ನ ಒಂಬತ್ತರವರೆಗಿನ ಪವರ್‌ಲಿಂಕ್ ಮತ್ತೆ ಬಳಸಬಹುದಾದದ್ದು, ಹತ್ತರಿಂದ ಮೇಲಿನ ಪವರ್‌ಲಾಕ್ ಒಂದೇ ಬಾರಿಗೆ. ಶಿಮಾನೋ ತನ್ನ ಕ್ವಿಕ್ ಲಿಂಕನ್ನು ಮರಳಿ ಬಳಸಬಾರದೆನ್ನುತ್ತದೆ. ಕೆಎಂಸಿಯಲ್ಲಿ ಎರಡೂ ಬಗೆಗಳಿವೆ. ಚೈನನ್ನು ತೊಳೆಯಲೆಂದು ಪದೇಪದೇ ಬಿಚ್ಚುವವರು ಮತ್ತೆ ಬಳಸಬಹುದಾದ ಲಿಂಕ್ ಮತ್ತು ಈ ಇಕ್ಕಳ ಎರಡನ್ನೂ ಇಟ್ಟುಕೊಂಡರೆ ಕಟ್ಟರನ್ನು ಮುಟ್ಟುವ ಸಂದರ್ಭ ಹೊಸ ಚೈನ್ ತಂದ ದಿನ ಮಾತ್ರ ಬರುತ್ತದೆ.

ಬದಲಿಸುವ ಕಾಲ ಬಂದಿದೆಯೇ ಎಂದು ತಿಳಿಯಲು ಒಂದು ಅಳತೆಯ ಸಾಧನವೂ ಬೇಕು, ಅದು ನಿಮ್ಮ ಮನೆಯಲ್ಲಿ ಈಗಾಗಲೇ ಇದೆ. ಚೈನ್ ಉದ್ದವಾಗುತ್ತದೆಂದು ನಾವು ಹೇಳುವುದು ಪ್ಲೇಟುಗಳು ಹಿಗ್ಗುವುದರಿಂದಲ್ಲ. ಪಿನ್ನುಗಳೂ ಅವು ತಿರುಗುವ ತೂತುಗಳೂ ಸವೆದು ಪ್ರತಿ ಕೊಂಡಿಯಲ್ಲಿ ಕೂಡಿಬರುವ ಸಡಿಲಿನಿಂದ. ಹೊಸ ಚೈನಿನಲ್ಲಿ ಯಾವುದಾದರೂ ಒಂದು ಪಿನ್ನಿನಿಂದ, ಅದನ್ನು ಬಿಟ್ಟು ಎಣಿಸಿದ ಇಪ್ಪತ್ತನೆಯ ಪಿನ್ನಿಗೆ ಸರಿಯಾಗಿ 254 ಮಿಲಿಮೀಟರ್ ಇರುತ್ತದೆ. ಚೈನನ್ನು ಬಿಗಿಯಾಗಿ ಹಿಡಿದು ಶಾಲೆಯ ಮಕ್ಕಳ 30 ಸೆಂಟಿಮೀಟರ್ ಅಳತೆಪಟ್ಟಿಯಿಂದ ನೋಡಿದಾಗ ಅದು 255 ದಾಟಿ ಕಾಲು ಮಿಲಿಮೀಟರ್ ಮುಂದೆ ಹೋಗಿದ್ದರೆ ಸವೆತ ನೂರಕ್ಕೆ ಅರ್ಧ, ಅಂದರೆ ಶೇಕಡಾ 0.5. ಹನ್ನೊಂದು, ಹನ್ನೆರಡರ ಚೈನನ್ನು ಆಗಲೇ ಬದಲಿಸಬೇಕು. 256ರ ಹತ್ತಿರ ಬಂದಿದ್ದರೆ ಸವೆತ ನೂರಕ್ಕೆ ಮುಕ್ಕಾಲು, ಉಳಿದ ಗೇರ್ ಚೈನುಗಳಿಗೆ ಅದು ಮಿತಿ. 256.5 ಆಗಿದ್ದರೆ ನೂರಕ್ಕೆ ಒಂದು. ಸಾದಾ ಸೈಕಲ್ಲಿಗೂ ಹೊಸದು ಬೇಕು. ಕಾಲು ಮಿಲಿಮೀಟರನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟವೆನಿಸಿದರೆ ಚೈನ್ ಗೇಜ್ ಕೊಳ್ಳಬಹುದು. ಎರಡು ಕೊಕ್ಕೆಗಳ ಸಾಮಾನ್ಯ ಗೇಜು ರೋಲರುಗಳ ಸಡಿಲನ್ನೂ ಸೇರಿಸಿಕೊಂಡು ಸವೆತವನ್ನು ಹೆಚ್ಚಾಗಿ ತೋರಿಸುತ್ತದೆ. ಶಿಮಾನೋದ ಟಿಎಲ್-ಸಿಎನ್42ನಂತೆ ಮೂರು ಕಡೆ ತಾಗುವ ಗೇಜು ರೋಲರುಗಳನ್ನು ಒಂದೇ ದಿಕ್ಕಿಗೆ ಒತ್ತಿ ಅಳೆಯುವುದರಿಂದ ಅದರ ಉತ್ತರ ನಂಬಲು ಯೋಗ್ಯ. ಇದನ್ನು ಅಲಕ್ಷಿಸಿದರೆ ಸವೆದ ಚೈನ್ ಹಿಂದಿನ ಹಲ್ಲುಗಳನ್ನೂ ತನ್ನ ಅಳತೆಗೆ ಸವೆಸುತ್ತದೆ, ಆಮೇಲೆ ಹೊಸ ಚೈನ್ ಹಾಕಿದರೂ ಹಲ್ಲಿನ ಮೇಲೆ ನಿಲ್ಲದೆ ಜಿಗಿಯುತ್ತದೆ.

ಅಂಗಡಿಯಲ್ಲಿ ಕಟ್ಟರನ್ನು ಕೈಗೆ ತೆಗೆದುಕೊಂಡಾಗ ಮಾಡಬೇಕಾದ ಪರೀಕ್ಷೆ ಸರಳ. ನಿಮ್ಮ ಹಳೆಯ ಚೈನಿನ ಒಂದು ತುಂಡನ್ನು ಜೊತೆಗೆ ಒಯ್ಯಿರಿ. ಅದನ್ನು ಪೀಠದ ಮೇಲಿಟ್ಟು, ತಳ್ಳುವ ಪಿನ್ ಮುಟ್ಟುವವರೆಗೆ ತಿರುಪನ್ನು ಬೆರಳಿನಿಂದ ತಿರುಗಿಸಿ, ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿ: ಎರಡು ಪಿನ್ನುಗಳ ನಡುಗೆರೆ ಒಂದೇ ಸಾಲಿನಲ್ಲಿರಬೇಕು, ಚೈನಿನ ಹಿಂದೆ ಸಂದು ಕಾಣಬಾರದು, ತಿರುಪನ್ನು ಅತ್ತಿತ್ತ ಅಲುಗಿಸಿದರೆ ಅದು ಜೋಲಾಡಬಾರದು. ಅಂಗಡಿಯವರು ಒಪ್ಪಿದರೆ ಒಂದು ಪಿನ್ನನ್ನು ಪೂರ್ತಿ ಹೊರಡಿಸಿ, ಕಟ್ಟರಿನ ಪಿನ್ನಿನ ತುದಿ ಚಪ್ಪಟೆಯಾಗದೆ ಮೊದಲಿನಂತೆಯೇ ಉಳಿದಿದೆಯೇ ಎಂದು ನೋಡಿ. ಉಳಿದಿದ್ದರೆ ಅದನ್ನೇ ಕೊಳ್ಳಿ, ಜೊತೆಗೆ ಒಂದು ಬಿಡಿ ಪಿನ್ನನ್ನೂ ನಿಮ್ಮ ಚೈನಿನ ಅಗಲಕ್ಕೆ ಹೊಂದುವ ಒಂದು ಕ್ವಿಕ್ ಲಿಂಕನ್ನೂ ಕಟ್ಟಿಸಿಕೊಳ್ಳಿ, ಮನೆಗೆ ಬಂದ ಮೇಲೆ ತಿರುಪಿಗೆ ಸ್ವಲ್ಪ ಗ್ರೀಸ್ ಸವರಿ ಇಡಿ.